ಒತ್ತಿ ನೋಡಬೇಡಿ, ಅಪ್ಪಾ

ಅಪ್ಪಾ,

ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಬರೆದಿಟ್ಟು ಕೋಲಾರದ ಬಸ್ಸಿಗೆ ಹೊರಟೆ.

ಅಮ್ಮನಿಗೆ ಹಾವು ಕಚ್ಚಿದ ದಿನ ಬ್ಯಾಟರಿ ಹತ್ತಲಿಲ್ಲವೆಂದು ನೀವು ಈಗ ದಿನಾ ಸಂಜೆ ಒತ್ತಿ ನೋಡುತ್ತೀರಿ. ನೋಡಿ ನೋಡಿಯೇ ಬೆಳಕು ಕೆಂಪಗಾಗಿದೆ. ಅಂಗಡಿ ಲತೀಫ್ ಸಾಬರು, "ಯುದ್ಧ ಮುಗಿಯೋವರ್ಗೂ ಸೆಲ್ಲು ಕೇಳ್ಬೇಡಮ್ಮಾ" ಎಂದುಬಿಟ್ಟರು. ಅತ್ತಿಗೆಗೆ ಇಂದೋ ನಾಳೆಯೋ ನೋವು ಬರಬಹುದು. ಸೂಲಗಿತ್ತಿ ರಹೀಮಾಬಿಯನ್ನು ಕರೆತರಲು ಕೆರೆ ಏರಿಯ ಮೇಲೆ ನೀವೇ ಹೋಗಬೇಕು.

ಸೆಲ್ಲುಗಳನ್ನು ಹೊರಗೆ ತೆಗೆದು, ಒಣಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದೇನೆ. ಮಡಿಯಿಲ್ಲದೆ ನೀವು ಅಲ್ಲಿ ಕೈಯಿಡುವುದಿಲ್ಲವಲ್ಲ, ಅದಕ್ಕೆ. ನೋವು ಬಂದರೆ ಮಾತ್ರ ಮಡಿ ನೋಡಬೇಡಿ, ತೆಗೆದುಕೊಳ್ಳಿ.

ಇದನ್ನೋದಿದ ಮೇಲೆ ಸ್ನಾನ ಮಾಡಿ, ಮಡಿಯುಟ್ಟು ಬಂದು ಒತ್ತಿ ನೋಡುತ್ತೀರಿ, ನನಗೆ ಗೊತ್ತು.

ಒಂದೇ ಸಲ, ಅಪ್ಪಾ.

ಅಂಬುಜ