ಗ್ರೈನ್ ತಿರುವಿನಲ್ಲಿ ಊದಿದ ಹಾರ್ನ್

ಅಪ್ಪಾ,

ಇವತ್ತು ಡ್ಯಾನ್ಯೂಬ್ ನದಿಯಲ್ಲಿ ನೂರೈವತ್ತು ಪ್ರವಾಸಿಗರ ಹಡಗನ್ನು ನಾನೇ ನಡೆಸಿದೆ. ಕ್ಯಾಪ್ಟನ್ ಆದಮೇಲೆ ಇದೇ ಮೊದಲ ಯಾನ. ನಮ್ಮೂರು ಗ್ರೈನ್ ಹತ್ತಿರ ನದಿ ಇಕ್ಕಟ್ಟಾಗಿ ತಿರುಗುವಲ್ಲಿ ಹಡಗಿನ ವೇಗ ತಗ್ಗಿಸಿದೆ.

"ನನ್ನ ಸರಕು ಹಡಗು ಬಿಟ್ಟು ತೇಲೋ ಹೋಟೆಲ್ ಸೇರೋಳು ನನ್ನ ಮಗಳೇ ಅಲ್ಲ" ಅಂದಿದ್ದೆಯಲ್ಲ, ಅಂದಿನಿಂದ ನಾನು ಮನೆಯ ಹೊಸ್ತಿಲು ತುಳಿದಿರಲಿಲ್ಲ. ಹೋದ ವರ್ಷ ನೀನು ಕಿಟಕಿಯ ಪಕ್ಕ ಹಾಸಿಗೆ ಹಿಡಿದಿದ್ದಾಗ ಒಂಬತ್ತು ಸಲ ಮನೆಯ ಮುಂದೆಯೇ ಹಡಗಿನಲ್ಲಿ ಹಾದುಹೋದೆ; ಹತ್ತನೆಯ ಸಲ ಬರುವಷ್ಟರಲ್ಲಿ ನೀನು ತೀರಿಹೋಗಿದ್ದೆ.

ಇವತ್ತು ಮನೆ ಕಂಡೊಡನೆ ಉದ್ದಕ್ಕೆ ಹಾರ್ನ್ ಊದಿದೆ. ಅಮ್ಮ ಪಾತ್ರೆ ಒರೆಸುವ ಬಟ್ಟೆಯನ್ನೇ ಬೀಸುತ್ತ ಬಾಲ್ಕನಿಗೆ ಓಡಿಬಂದಳು. ಸಂಜೆ ಫೋನ್ ಮಾಡಿದಳು.

"ರೋಸ್ವಿತಾ, ಊರಿಗೂರೇ ಬೆಚ್ಚಿಬೀಳೋ ಹಾಗೆ ಊದಿದ್ಯಲ್ಲೇ! ಭಾನುವಾರ ಊಟಕ್ಕೆ ಬಾ. ಇಷ್ಟು ವರ್ಷ ಅಪ್ಪ-ಮಗಳಿಬ್ಬರ ಹಡಗನ್ನೂ ದಡದಿಂದಲೇ ನೋಡಿದ್ದಾಯ್ತು. ನನ್ನನ್ನೂ ಒಂದ್ಸಲ ಹತ್ತಿಸ್ಕೊಳ್ಳೇ."

ಮೇ ತಿಂಗಳ ಯಾನಕ್ಕೆ ಅವಳ ಹೆಸರು ಬರೆಸಿದ್ದೇನೆ, ಅಪ್ಪಾ.