ಜೀಪಿನಲ್ಲಿ ಬಂದ ಫಸಲು

ಮಾನ್ಯ ಟೊಮ್ಯಾಟೊ ಪ್ರಚಾರದ ಅಧಿಕಾರಿಗಳೇ,

ಹೋದ ಏಪ್ರಿಲ್‌ನಲ್ಲಿ ನಿಮ್ಮ ಸಿಬ್ಬಂದಿ ಮಾರ್ಕೆಟ್ಟಿನ ಟೊಮ್ಯಾಟೊ ತಂದು ನನ್ನ ಹೊಲದ ಗಿಡಗಳಿಗೆ ದಾರದಲ್ಲಿ ಕಟ್ಟಿದರು. ಅದನ್ನು ನಿಜವೆಂದು ನಂಬಿದ ನನ್ನ ಸೋದರಮಾವ ಈಗ ಉಣ್ಣುವ ರಾಗಿಯನ್ನೇ ಬಿಟ್ಟು ಟೊಮ್ಯಾಟೊ ನೆಡಲು ಹೊರಟಿದ್ದಾರೆ. ಅವರನ್ನು ತಡೆಯುವುದು ನನ್ನಿಂದ ಆಗುತ್ತಿಲ್ಲ, ನಿಮ್ಮಿಂದ ಮಾತ್ರ ಆದೀತು. ಕಚೇರಿಗೇ ಬಂದು ಹೇಳೋಣವೆಂದರೆ ನೀವು ಸದಾ ಮೀಟಿಂಗಿನಲ್ಲಿರುತ್ತೀರಿ. ಮೀಟಿಂಗಿನಲ್ಲಿ ಪತ್ರಿಕೆ ಓದುತ್ತೀರೆಂದು ಕೇಳಿ ಇಲ್ಲಿ ಬರೆಯುತ್ತಿದ್ದೇನೆ.

ಹಳೇಕೋಟೆ ಸುತ್ತಮುತ್ತ ನಾವು ಟೊಮ್ಯಾಟೊ ನೆಡುವುದು ಮಳೆ ಹಿಂದೆ ಸರಿದು ಚಳಿ ಶುರುವಾಗುವ ಹೊತ್ತಿಗೆ. ರಾತ್ರಿ ತಂಪಾಗಿದ್ದರೆ ಹೂ ನಿಂತು ಕಾಯಿ ಕಚ್ಚುತ್ತದೆ. ತಾವು ಫೆಬ್ರವರಿಯಲ್ಲಿ ಸಸಿ ಹೊರಿಸಿಕೊಂಡು ಬಂದಿರಿ. ಯಾಕೆ? ಏಪ್ರಿಲ್ ಕೊನೆಗೆ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು, ಅವರ ಪ್ರವಾಸಕ್ಕೆ ಸರಿಯಾಗಿ ಹಣ್ಣಾಗಬೇಕಿತ್ತು. "ಸಾ, ಬಿಸ್ಲಿಗೆ ಊವೆಲ್ಲ ಉದುರೋಯ್ತವೆ" ಎಂದೆ. "ಇದು ಸುಧಾರಿತ ತಳಿ ಕಣಮ್ಮ, ಬಿಸಿಲು ಗಿಸಿಲು ಇದಕ್ಕೆ ಲೆಕ್ಕಕ್ಕಿಲ್ಲ" ಎಂದಿರಿ. ಪಾಪ, ತಳಿಗೆ ಈ ವಿಷಯ ಯಾರೂ ತಿಳಿಸಿರಲಿಲ್ಲ.

ಮಾರ್ಚಿ ಕಳೆಯುತ್ತಲೇ ಬಿಸಿಗಾಳಿ ಎದ್ದಿತು. ನಾನೂ ನಮ್ಮತ್ತೆ ಪುಟ್ಟಲಕ್ಷ್ಮಮ್ಮನವರೂ ದಿನಾ ಸಂಜೆ ನೀರು ಹಾಯಿಸಿದೆವು. ಗಿಡವೇನೋ ಹಸಿರಾಗಿ ನಿಂತು ಹೂವನ್ನೂ ಬಿಟ್ಟಿತು. ಆದರೆ ಬಿಟ್ಟ ಹೂವೆಲ್ಲ ಸಾಲಿನೊಳಗೆ ಉದುರಿ ಬಿದ್ದಿರುತ್ತಿತ್ತು. ಅಲ್ಲೊಂದು ಇಲ್ಲೊಂದು ನಿಂತ ಕಾಯಿ ಗೋಲಿಯಷ್ಟಾಗಿ, ಬಿಸಿಲಿಗೆ ಬೆಂದು ಬಿಳಿಚಿಕೊಂಡಿತು. ಆಮೇಲೆ ಅಶ್ವಿನಿ ಮಳೆ ಒಂದೇ ಸಮ ಸುರಿದು ಅವನ್ನೂ ಸೀಳಿಹಾಕಿತು. ನಿಮಗೆ ಹೇಳಿ ಕಳಿಸಿದರೆ "ಇನ್ನಷ್ಟು ಗೊಬ್ಬರ ಹಾಕಿ" ಎಂಬ ಉತ್ತರ ಬಂತು. ಬಿಸಿಲಿಗೆ ಗೊಬ್ಬರ ಹಾಕುವುದು ಯಾವ ಕಡೆಯಿಂದ, ಸ್ವಾಮಿ?

ದೊಡ್ಡ ಸಾಹೇಬರಿಗೂ ಸುತ್ತಲಿನ ರೈತರಿಗೂ ಬೆಳೆ ತೋರಿಸುವ ಕ್ಷೇತ್ರೋತ್ಸವದ ದಿನ ಬೆಳಿಗ್ಗೆಯೇ ನಿಮ್ಮ ಜೀಪು ಬಂತು. ಕುಕ್ಕೆಗಳು ಇಳಿದವು. ನಿಮ್ಮ ಹುಡುಗರು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತರು. "ಇದ್ಯಾಕಪ್ಪಾ ಗಿಡಕ್ಕೆ ದಾರ ಕಟ್ತೀರಾ, ದೃಷ್ಟಿ ಆಗ್ದಂಗಾ?" ಎಂದು ನಮ್ಮತ್ತೆ ಕೇಳಿದರು. "ಆಸರೆ ಅಜ್ಜೀ, ಆಸರೆ" ಎಂದರು. ನೆಟ್ಟಿದ್ದು ಗುಂಡು ಹಣ್ಣಿನ ಗಿಡ, ಕಟ್ಟಿದ್ದು ಉದ್ದನೆಯ ಹಣ್ಣು! ದೊಡ್ಡ ಸಾಹೇಬರು ಒಂದನ್ನು ಕಿತ್ತು ಕಚ್ಚಿ, "ಗಿಡದಿಂದ ಕಿತ್ತ ಹಣ್ಣಿನ ರುಚಿಯೇ ಬೇರೆ" ಎಂದರು. ದಾರ ಅವರ ಬೆರಳಿನಲ್ಲೇ ಇತ್ತು. ನಮ್ಮತ್ತೆಗೆ ತಡೆಯಲಾಗಲಿಲ್ಲ. "ಇವು ನಮ್ ಗಿಡದವಲ್ಲ ಕಣಪ್ಪಾ, ಒತ್ತಾರೆ ಜೀಪಲ್ ಬಂದವು" ಎಂದುಬಿಟ್ಟರು. ಶಾಮಿಯಾನದಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ತಾವು ಮೈಕು ಹಿಡಿದು "ಅಜ್ಜಿ ಬಹಳ ತಮಾಷೆಯವರು" ಎಂದು ಚಪ್ಪಾಳೆ ಹೊಡೆಸಿದಿರಿ. ವಯಸ್ಸಾದವರ ನಿಜವನ್ನು ಇಷ್ಟು ಮರ್ಯಾದೆಯಿಂದ ಸುಳ್ಳು ಮಾಡುವುದಕ್ಕೆ ನಿಮಗೆ ತರಬೇತಿ ಕೊಟ್ಟವರಾದರೂ ಯಾರು? ಆ ಗದ್ದಲದಲ್ಲಿ ತೆಗೆದ ನನ್ನ ಫೋಟೋ "ಬೇಸಿಗೆಯಲ್ಲೂ ಬಂಪರ್ ಟೊಮ್ಯಾಟೊ" ಎಂಬ ನಿಮ್ಮ ಕರಪತ್ರದಲ್ಲಿ ಅಚ್ಚಾಗಿದೆ.

ಕಟ್ಟಾಯದಿಂದ ನನ್ನ ಸೋದರಮಾವ ಮಾದಯ್ಯನವರೂ ಅಂದು ಬಂದಿದ್ದರು. ಗಿಡ ನೋಡಿದರು, ನಿಮ್ಮ ಭಾಷಣ ಕೇಳಿದರು, ನಿಮ್ಮ ಉಪ್ಪಿಟ್ಟು ತಿಂದು ಬಸ್ಸು ಹತ್ತಿದರು. ಹಣ್ಣೆಲ್ಲ ದಾರದಲ್ಲೇ ಕೊಳೆತು ನೇತಾಡಿದ್ದನ್ನು ನಮ್ಮೂರಿನವರು ನೋಡಿದರು, ಮಾವ ನೋಡಲಿಲ್ಲ. ಈಗ ಮತ್ತೆ ಫೆಬ್ರವರಿ. ಅವರ ಬಾವಿ ಕೆಳಗೆ ಒಂದೇ ಒಂದು ತುಂಡು ಹೊಲ. ಬೇಸಿಗೆಯಲ್ಲಿ ಅಲ್ಲಿ ರಾಗಿ ಪೈರು ನಾಟಿ ಮಾಡಿದರೆ ಮನೆಮಂದಿಗೆಲ್ಲ ಮುದ್ದೆ. ಈ ಸಲ ಅದರ ಬದುವಿನಲ್ಲಿ ಟೊಮ್ಯಾಟೊ ಸಸಿ ಎಬ್ಬಿಸಿ ಕೂತಿದ್ದಾರೆ. ನಾನು ಓಡಿಹೋಗಿ ನಡೆದದ್ದೆಲ್ಲ ಹೇಳಿದೆ.

"ನಾನೇ ಕಣ್ಣಾರೆ ನೋಡಿವ್ನಿ ಕಣವ್ವಾ. ನಿನ್ ಫೋಟೋ ಬೇರೆ ಬಂದೈತೆ. ನೀನ್ ಬೆಳೆದ್ರೆ ಆಯ್ತದೆ, ನಾನ್ ಬೆಳೆದ್ರೆ ಒಟ್ಟೆಕಿಚ್ಚಾ ನಿಂಗೆ?" ಎಂದರು.

ಆ ಮಾತಿಗೆ ನನಗೆ ಅಳುವೇ ಬಂತು, ಮಾನ್ಯರೇ. ಅಪ್ಪ ಹೋದ ಮೇಲೆ ನಿಂತು ನನ್ನ ಧಾರೆ ಎರೆದುಕೊಟ್ಟ ಮಾವ ಅವರು. ಈ ಸಲ ಬಾಗಿಲವರೆಗೂ ಬಂದು ಕಳಿಸಲಿಲ್ಲ.

ಬರುವ ಸೋಮವಾರ ಅವರು ಸಸಿ ನೆಡುತ್ತಾರೆ. ಅದರೊಳಗೆ ತಾವು ಕಟ್ಟಾಯಕ್ಕೆ ಬರಬೇಕು. ಶಾಮಿಯಾನ ಬೇಡ, ಉಪ್ಪಿಟ್ಟೂ ಬೇಡ. "ಮಾದಯ್ಯನವರೇ, ಆ ಹಣ್ಣು ನಾವೇ ಕಟ್ಟಿಸಿದ್ದು. ಈ ಬಿಸಿಲಿಗೆ ಟೊಮ್ಯಾಟೊ ಬೇಡ, ರಾಗಿ ನಾಟಿ ಮಾಡಿ" ಎಂದು ಬಾಯಿಬಿಟ್ಟು ಹೇಳಬೇಕು. ಮುಜುಗರವೇ? ಆಗಲಿ ಬಿಡಿ. ನಿಮ್ಮ ಮುಜುಗರ ಸಂಜೆಯ ಕಾಫಿಗೆ ಇಳಿದುಹೋಗುತ್ತದೆ. ಅವರ ಮನೆಯ ಹಿಟ್ಟಿನ ಮಡಕೆ ಖಾಲಿಯಾದರೆ ಮುಂದಿನ ಸುಗ್ಗಿಯವರೆಗೆ ತುಂಬುವುದಿಲ್ಲ.

ನಾನು ಅಂಗಳ ದಾಟುವಾಗ ಮಾವ ಒಳಗಿನಿಂದಲೇ ಕೂಗಿ ಹೇಳಿದರು: "ಆ ಸಾಹೇಬ್ರೇ ಬಂದು ಬ್ಯಾಡ ಅಂದ್ರೆ ಬುಡ್ತೀನಿ. ಅವ್ರು ಓದ್ದೋರು, ಸುಳ್ಳೇಳಾಕಿಲ್ಲ." ನಿಮ್ಮ ಮಾತನ್ನು ನಂಬುವವರು ನಮ್ಮ ಕಡೆ ಇನ್ನು ಅವರೊಬ್ಬರೇ ಉಳಿದಿರುವುದು. ಅವರನ್ನಾದರೂ ಉಳಿಸಿಕೊಳ್ಳಿ.

ಇಂತಿ,
ತಮ್ಮ ಕೃಪೆಯಿಂದ ಒಂದು ಹಣ್ಣೂ ಬೆಳೆಯದೆ ಪ್ರಗತಿಪರ ರೈತ ಮಹಿಳೆಯಾದ
ಭಾಗ್ಯಲಕ್ಷ್ಮಿ
ಹಳೇಕೋಟೆ, ಫೆಬ್ರವರಿ 1999