ಚೆನ್ನವ್ವ ರಸ್ತೆ ದಾಟಿದ್ದು

ಹತ್ತಿಗೇರಿ, ಗದಗ ಸೀಮೆ
ಫೆಬ್ರುವರಿ ಮೂವತ್ತು, ೨೧೭೮

ರಸ್ತೆಯ ಅಂಚಿನಲ್ಲಿ ಫಲಕ ಹಿಡಿದು ನಿಂತು, ಬೇಸತ್ತು ಮನೆಗೆ ಮರಳಿದವರಿಗೆ,

ತಾರೀಖು ಕಂಡು ಗಾಬರಿಯಾಗಬೇಡಿ. ತಿಂಗಳುಗಳನ್ನು ನಾವು ಸಮನಾಗಿ ಹಂಚಿಕೊಂಡು, ಮಿಕ್ಕ ದಿನಗಳನ್ನು ಹಬ್ಬಕ್ಕೆ ಬಿಟ್ಟು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು.

ಇದನ್ನು ಬರೆಯುವಾಗ ಹೊರಗೆ ನಡೆಹೊತ್ತು. ಬೆಳಿಗ್ಗೆ ಮತ್ತು ಸಂಜೆ ಓಣಿಗಳೊಳಗೆ ಯಾವ ವಾಹನವೂ ಬಾರದ ವೇಳೆಗೆ ನಾವು ಹಾಗೆನ್ನುತ್ತೇವೆ. ಎದುರುಮನೆಯವರು ಬೀದಿಯ ನಡುವೆಯೇ ಹೊರಸು ಹಾಕಿ ಶಾವಿಗೆ ಒಣಗಿಸಿದ್ದಾರೆ. ಸೈಕಲ್ ಮೇಲೆ ಬರುವವರು ಇಳಿದು, ಶಾವಿಗೆಗೆ ಧೂಳು ತಾಗದಂತೆ ತಳ್ಳಿಕೊಂಡು ಹೋಗುತ್ತಾರೆ. ದೊಡ್ಡ ರಸ್ತೆಯಲ್ಲಿ ಅಲ್ಲಲ್ಲಿ ಹಾಯ್ಗಟ್ಟೆಗಳಿವೆ: ಪಾದಚಾರಿಗಳು ದಾಟಲೆಂದು ಎತ್ತರಿಸಿದ ಹಾದಿ, ನಡುವೆ ಕೂತು ದಣಿವಾರಿಸಿಕೊಳ್ಳಲು ಒಂದು ಕಲ್ಲುಬೆಂಚು. ಅಲ್ಲಿ ಯಾರಾದರೂ ಕೂತಿದ್ದರೆ ಬಂಡಿಗಳು ಕಾಯುತ್ತವೆ. ಕೂತವರು ಮಾತಿಗೆ ತೊಡಗಿದರೂ ಕಾಯುತ್ತವೆ.

ಇದು ಹೀಗಿರಲಿಲ್ಲ. ನಿಮ್ಮ ಕಾಲದ ನಂತರ ಕೆಲವೇ ವರ್ಷಗಳಲ್ಲಿ ಇಲ್ಲಿ ನಡೆದ ಸಂಗತಿಯನ್ನು ನಮ್ಮ ಮನೆಯಲ್ಲಿ ಎಲ್ಲ ಮಕ್ಕಳಿಗೂ ಹೇಳುತ್ತಾರೆ. ನಿಮಗೂ ಹೇಳಬೇಕೆನಿಸಿತು.

ಚೆನ್ನವ್ವ ನಮ್ಮ ಮನೆತನದ ಹಿರಿಯಳು. ಅವಳ ತಂಗಿ ಗುರವ್ವನ ಮನೆ ನೇರ ಎದುರಿಗೇ ಇತ್ತು. ನಡುವೆ ಮೊದಲು ಇದ್ದದ್ದು ಎತ್ತಿನಗಾಡಿಯ ದಾರಿ. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಪಲ್ಯ ತರುತ್ತಿದ್ದಳು. ಆಮೇಲೆ ದಾರಿಯನ್ನು ಅಗಲ ಮಾಡಿದರು, ಲಾರಿಗಳು ಬಂದವು. ಒಮ್ಮೆ ದಾಟುವಾಗ ಮೋಟಾರ್‌ಸೈಕಲ್ ಬಡಿದು ಚೆನ್ನವ್ವನ ಕಾಲು ಮುರಿಯಿತು. ಮಗ ಮಹಾಲಿಂಗಪ್ಪ, “ಇನ್ನ ನೀ ಅತ್ತಾಗ ಕಾಲಿಡೂದು ಬ್ಯಾಡ” ಎಂದುಬಿಟ್ಟ. ಅಂದಿನಿಂದ ಅಕ್ಕತಂಗಿಯರು ದಿನಾ ಬೆಳಿಗ್ಗೆ ತಮ್ಮತಮ್ಮ ಕಟ್ಟೆಗೆ ಬಂದು, ಲಾರಿಗಳ ಸಂದಿನಿಂದ ಒಬ್ಬರಿಗೊಬ್ಬರು ಸೆರಗು ಬೀಸುತ್ತಿದ್ದರು. ಮಾತು ಕೇಳಿಸುತ್ತಿರಲಿಲ್ಲ.

ಚೆನ್ನವ್ವನ ಓಣಿಯಲ್ಲೇ ಹೊಲಿಗೆ ಕಲಿಸುವ ರೇಣುಕಾ ಹಡಪದ ಎಂಬವಳಿದ್ದಳು. ಅವಳೂ ಸೈಕಲ್ ಅಂಗಡಿಯ ಖಾದರಸಾಬನೂ ಇನ್ನು ಕೆಲವರೂ ಸೇರಿ ಭಾನುವಾರ ಭಾನುವಾರ ಬಟ್ಟೆಯ ಫಲಕ ಹಿಡಿದು ನಿಲ್ಲತೊಡಗಿದರು. ಅವರು ಕೇಳಿದ್ದು ದಾಟಲು ಒಂದು ಜಾಗ. ಸರಿಯಾದ ಜಾಗವೆಂದರೆ ಮಹಾಲಿಂಗಪ್ಪನ ಸಿಮೆಂಟ್ ಅಂಗಡಿಯ ಮುಂದೆ. ಅವನು ಒಪ್ಪಲಿಲ್ಲ.

“ನನ್ನ ಲಾರಿ ಎಲ್ಲಿ ನಿಂದರಸ್ಲಿ? ನಿಮ್ಮ ತಲಿಮ್ಯಾಲೆ ನಿಂದರಸ್ಲೇನು?”

ಜನ ನಕ್ಕರು. ರೇಣುಕಾ ಮುಂದಿನ ಭಾನುವಾರವೂ ಬಂದಳು.

ಅಂಥದೇ ಒಂದು ಭಾನುವಾರ ಬೆಳಿಗ್ಗೆ ಗುರವ್ವ ಕಟ್ಟೆಗೆ ಬರಲಿಲ್ಲ. ಚೆನ್ನವ್ವ ಬಹಳ ಹೊತ್ತು ಕಾದು, ಕೋಲು ಹಿಡಿದು ರಸ್ತೆಗಿಳಿದಳು. ರೇಣುಕಾ ಓಡಿ ಬಂದಳು.

“ಯವ್ವಾ, ಎಲ್ಲಿಗೆ ಹೊಂಟೀರಿ?”

“ನಮ್ಮ ಗುರವ್ವ ಇವತ್ತ ಹೊರಗ ಬಂದಿಲ್ಲ. ನೋಡ್ಕೊಂಡ ಬರ್ತೀನಿ.”

ಖಾದರಸಾಬ ಹಿಂದೆ ಮುಂದೆ ನೋಡಲಿಲ್ಲ. ತನ್ನ ಸೈಕಲ್ಲನ್ನು ರಸ್ತೆಗೆ ಅಡ್ಡ ಮಲಗಿಸಿದ. ಉಳಿದವರೂ ಹಾಗೇ ಮಾಡಿದರು. ಇನ್ನೊಂದು ಬದಿಗೆ ಇಬ್ಬರು ಫಲಕದ ಬಟ್ಟೆಯನ್ನು ಹಗ್ಗದಂತೆ ಜಗ್ಗಿ ನಿಂತರು. ಹಾರ್ನುಗಳು ಕಿವಿ ಹರಿಯುವಂತೆ ಕೂಗಿದವು. ಚೆನ್ನವ್ವ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಬೈಯುತ್ತಿದ್ದ ಲಾರಿ ಡ್ರೈವರೊಬ್ಬ ಅವಳನ್ನು ಕಂಡು ಇಂಜಿನ್ ಆರಿಸಿ, “ಸಾವಕಾಶ ಹೋಗ್ರಿ ಅಜ್ಜಿ” ಎಂದ.

ಸದ್ದು ಕೇಳಿ ಮಹಾಲಿಂಗಪ್ಪ ಅಂಗಡಿಯಿಂದ ಸಿಟ್ಟಿನಲ್ಲೇ ಓಡಿಬಂದ. ನಡುರಸ್ತೆಯಲ್ಲಿ ತಾಯಿ ಅವನನ್ನು ನೋಡಿ ಕೇಳಿದ್ದು ಇಷ್ಟೇ: “ಬಂದಿ? ಕೈ ಹಿಡಿ.”

ಹಿಡಿದ. ಎರಡೂ ಕಡೆ ಗುರುಗುಟ್ಟುವ ಗಾಡಿಗಳ ನಡುವೆ, ಅವಳ ನಡಿಗೆಗೆ ತನ್ನ ನಡಿಗೆ ಕೂಡಿಸಿದಾಗ, ಆ ರಸ್ತೆ ಎಷ್ಟು ಅಗಲ ಎಂಬುದು ಅವನಿಗೆ ಮೊದಲ ಸಲ ತಿಳಿಯಿತಂತೆ. ಅವನ ಅಂಗೈ ಬೆವರಿತ್ತು ಎಂದು ಚೆನ್ನವ್ವ ಕೊನೆಯವರೆಗೂ ಹೇಳುತ್ತಿದ್ದಳು.

ಗುರವ್ವ ಜ್ವರದಲ್ಲಿ ಮಲಗಿದ್ದಳು. ಕಣ್ಣು ತೆರೆದು, “ಇಷ್ಟ್ಯಾಕ ತಡಾ ಮಾಡ್ದಿ?” ಎಂದಳು.

“ರಸ್ತಾ ಅಗಲ ಆಗೇದವಾ” ಎಂದು ಚೆನ್ನವ್ವ ಅವಳ ಹಣೆ ಮುಟ್ಟಿ ನೋಡಿದಳು.

ಮರುವಾರ ಮಹಾಲಿಂಗಪ್ಪ ಲಾರಿಯನ್ನು ಹಿಂದಿನ ಓಣಿಗೆ ಸರಿಸಿ, ಬಂದು ರೇಣುಕಾಳ ಪಕ್ಕ ನಿಂತ. ಫಲಕದ ಬಟ್ಟೆಗೆ ಕೈ ಚಾಚಿ, “ಆ ಕಡೆ ತುದಿ ನಾ ಹಿಡೀತೀನಿ, ಕೊಡ್ರಿ” ಎಂದ. ಅಷ್ಟಾದರೂ ಕೆಲಸ ಬೇಗ ಆಗಲಿಲ್ಲ. ಅವರೇ ಬಳಿದ ಬಿಳಿ ಪಟ್ಟಿ ಮಳೆಗೆ ಅಳಿಸಿತು, ಮತ್ತೆ ಬಳಿದರು. ಅರ್ಜಿಗಳು ಕಳೆದುಹೋದವು, ಮತ್ತೆ ಬರೆದರು. ಮೊದಲ ಹಾಯ್ಗಟ್ಟೆ ಕಟ್ಟುವ ಹೊತ್ತಿಗೆ ಖಾದರಸಾಬ ತೀರಿಕೊಂಡಿದ್ದ. ಆದರೆ ಅಲ್ಲಿಯತನಕ ಪ್ರತಿ ಬೆಳಿಗ್ಗೆ ಯಾರಾದರೊಬ್ಬರು ಬಂದು ಚೆನ್ನವ್ವನನ್ನು ದಾಟಿಸಿದರು. ಗುರವ್ವ ಚೇತರಿಸಿಕೊಂಡಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಉಪ್ಪಿನ ವಿಷಯಕ್ಕೆ ಜಗಳಾಡಿ, ಮತ್ತೆ ಕೆಲವು ವರ್ಷ ಸುಖವಾಗಿದ್ದರು.

ನೀವು ಕಟ್ಟಲು ಹೊರಟದ್ದು ಮುಗಿಯುವುದನ್ನು ಬಹುಶಃ ನೀವೇ ನೋಡಲಾರಿರಿ. ಅದಕ್ಕಾಗಿ ನನಗೆ ನಿಜವಾಗಿಯೂ ನೋವಿದೆ. ಒಂದೇ ಒಂದು ಕೋರಿಕೆ: ಅದು ಕಟ್ಟಿ ಮುಗಿಯಲೆಂದು ಕಾಯಬೇಡಿ. ನಿಮ್ಮ ರಸ್ತೆಯ ಆಚೆಗೂ ಯಾರೋ ಇರುತ್ತಾರೆ. ಇವತ್ತೇ ಹೋಗಿ ಬನ್ನಿ, ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು.

ನಿಮ್ಮ,
ಚೆನ್ನವ್ವನ ಮನೆಯ ಇಳೆಯವ್ವ